ಮಾದರಿ ರೈಲು ಎಲ್ಲಿದೆ ಎಂಬುದು ಸಿಗ್ನಲ್‌ಗೂ ಗೇಟಿಗೂ ತಿಳಿಯುವುದು ಹೇಗೆ?

ಪ್ರಶ್ನೆ: ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಲಗೆಯ ಮೇಲೆ ಎಚ್‌ಓ ಅಳತೆಯ (ನಿಜದ ಗಾತ್ರದ 87ನೇ ಒಂದು ಭಾಗ) ಮಾದರಿ ರೈಲು ಮಾರ್ಗವನ್ನು ಅಂಡಾಕಾರದಲ್ಲಿ ಹಾಕಿದ್ದೇನೆ. ಸದ್ಯ 12 ವೋಲ್ಟ್‌ನ ಸಾಧಾರಣ ಡಿಸಿ ಕಂಟ್ರೋಲರ್ ಇದೆ. ಮುಂದೆ ಡಿಸಿಸಿಗೆ (ಹಳಿಯ ಮೂಲಕವೇ ಎಂಜಿನ್‌ಗೆ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿ) ಹೋಗುವ ಯೋಚನೆಯಿದೆ. ಭಾರತೀಯ ರೈಲ್ವೆಯ ಮಾದರಿಯ ದೀಪದ ಸಿಗ್ನಲ್‌ಗಳು ಮತ್ತು ಒಂದು ಲೆವೆಲ್ ಕ್ರಾಸಿಂಗ್ ಗೇಟು ತಾವಾಗಿಯೇ ಕೆಲಸ ಮಾಡಬೇಕೆಂಬುದು ನನ್ನ ಆಸೆ. ಹಳಿಗಳ ನಡುವೆ ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ಸೆನ್ಸರ್) ಇಟ್ಟರೆ ಸಂಜೆ ಬೆಳಕು ಕುಂದಿದಾಗ ರೈಲಿಲ್ಲದೆಯೂ ಸಿಗ್ನಲ್ ಕೆಂಪಾಗುತ್ತದೆ. ಅದರ ಬದಲು ಇನ್‌ಫ್ರಾರೆಡ್ ಸೆನ್ಸರ್ ಇಟ್ಟರೆ ಒಂದೇ ರೈಲು ದಾಟುವಷ್ಟರಲ್ಲಿ ಗೇಟು ನಾಲ್ಕೈದು ಸಲ ಎದ್ದು ಬೀಳುತ್ತದೆ. ಯಾವ ವಿಧಾನ ಸರಿ? (ಮೈಸೂರಿನ ಓದುಗರೊಬ್ಬರು)

ಉತ್ತರ: ನಿಮ್ಮ ಎರಡೂ ತೊಂದರೆಗಳ ಮೂಲ ಒಂದೇ. ಸಿಗ್ನಲ್‌ಗೆ ಬೇಕಾದ ಮಾಹಿತಿಯೇ ಬೇರೆ, ಗೇಟಿಗೆ ಬೇಕಾದ ಮಾಹಿತಿಯೇ ಬೇರೆ. ಎರಡಕ್ಕೂ ನೀವು ಒಂದೇ ಬಗೆಯ ಸೆನ್ಸರ್ ಕೊಟ್ಟಿದ್ದೀರಿ. ಇಲ್ಲಿಂದ ಮುಂದಿನ ಸಿಗ್ನಲ್‌ವರೆಗಿನ ಹಳಿಯ ಮೇಲೆ ಎಲ್ಲಾದರೂ ಒಂದು ಗಾಲಿ ಇದೆಯೇ ಎಂಬುದು ಸಿಗ್ನಲ್‌ಗೆ ತಿಳಿಯಬೇಕು. ರೈಲು ಓಡುತ್ತಿರಲಿ, ನಿಂತಿರಲಿ, ಕೊಂಡಿ ಕಳಚಿ ಒಂದೇ ಬೋಗಿ ಹಿಂದುಳಿದಿರಲಿ, ಉತ್ತರ ‘ಇದೆ’ ಎಂದೇ ಬರಬೇಕು. ಗೇಟಿಗಾದರೋ ರೈಲು ಹತ್ತಿರ ಬಂತೇ, ಅದರ ಕೊನೆಯ ಬೋಗಿ ರಸ್ತೆಯನ್ನು ದಾಟಿತೇ ಎಂಬುದು ತಿಳಿಯಬೇಕು. ಮೊದಲನೆಯದಕ್ಕೆ ಇಡೀ ಬ್ಲಾಕನ್ನು, ಅಂದರೆ ಒಂದು ಸಿಗ್ನಲ್‌ನಿಂದ ಮುಂದಿನದರವರೆಗಿನ ಹಳಿಯನ್ನು, ಗಮನಿಸುವ ವಿಧಾನ ಬೇಕು. ಎರಡನೆಯದಕ್ಕೆ ಅದರ ಜೊತೆಗೆ ಒಂದು ಜಾಗವನ್ನು ಖಚಿತವಾಗಿ ನೋಡುವ ಕಣ್ಣೂ ಬೇಕು. ನಿಮ್ಮ ಮಾರ್ಗಕ್ಕೆ ನನ್ನ ಸಲಹೆ ಹೀಗಿದೆ: ಸಿಗ್ನಲ್‌ಗಳಿಗೆ ವಿದ್ಯುತ್ ಪ್ರವಾಹವನ್ನು ಅಳೆಯುವ ಬ್ಲಾಕ್ ಡಿಟೆಕ್ಟರ್ ಹಾಕಿ, ಗೇಟಿನ ಬಳಿ ಹಳಿಯನ್ನು ಓರೆಯಾಗಿ ಹಾಯುವ ಇನ್‌ಫ್ರಾರೆಡ್ ಕಿರಣವನ್ನು ಇಡಿ.

ಇದರ ಹಿಂದಿನ ಕಾರಣ ಅರ್ಥವಾಗಲು ನಿಜವಾದ ರೈಲ್ವೆ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಅಮೆರಿಕದ ವಿಲಿಯಂ ರಾಬಿನ್‌ಸನ್ 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟ್‌ನಲ್ಲಿ ಬ್ಲಾಕಿನ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ (ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್) ಇರುತ್ತದೆ. ಎರಡೂ ಹಳಿಗಳ ಮೂಲಕ ಹರಿಯುವ ವಿದ್ಯುತ್ ರಿಲೇಯನ್ನು ಎತ್ತಿ ಹಿಡಿದಿರುವವರೆಗೆ ಬ್ಲಾಕ್ ಖಾಲಿ ಎಂದು ಲೆಕ್ಕ. ರೈಲಿನ ಕಬ್ಬಿಣದ ಗಾಲಿ ಮತ್ತು ಅಚ್ಚು ಎರಡು ಹಳಿಗಳನ್ನು ಕೂಡಿಸಿದಾಗ ರಿಲೇಗೆ ವಿದ್ಯುತ್ ತಪ್ಪಿ ಅದು ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಈ ವ್ಯವಸ್ಥೆಯ ದೊಡ್ಡ ಗುಣವೆಂದರೆ ಬ್ಯಾಟರಿ ಸತ್ತರೂ, ತಂತಿ ಕಿತ್ತರೂ, ಹಳಿ ಮುರಿದರೂ ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪೇ ಆಗುತ್ತದೆ. ಕೆಟ್ಟಾಗ ಸುರಕ್ಷಿತ ಸ್ಥಿತಿಗೆ ಹೋಗುವ ಈ ತತ್ತ್ವವೇ ಇಂದಿಗೂ ಸಿಗ್ನಲಿಂಗ್‌ನ ಅಡಿಪಾಯ.

ಮಾದರಿ ರೈಲಿನಲ್ಲಿ ಇದನ್ನು ಹಾಗೆಯೇ ನಕಲು ಮಾಡಲಾಗದು, ಏಕೆಂದರೆ ಮೋಟರಿಗೆ ಬೇಕಾದ ವಿದ್ಯುತ್ತೇ ಆ ಎರಡು ಹಳಿಗಳಲ್ಲಿ ಹರಿಯುತ್ತಿರುತ್ತದೆ. ಗಾಲಿಗಳು ಹಳಿಗಳನ್ನು ಕೂಡಿಸಿದರೆ ಶಾರ್ಟ್ ಆಗುತ್ತದೆ. ಅದಕ್ಕಾಗಿಯೇ ಮಾದರಿ ಗಾಲಿಗಳನ್ನು ಒಂದರಿಂದೊಂದು ಬೇರ್ಪಡಿಸಿ ಮಾಡಿರುತ್ತಾರೆ. ಹೀಗಾಗಿ ನಾವು ಬ್ಲಾಕಿನೊಳಗೆ ಯಾರಾದರೂ ವಿದ್ಯುತ್ ಎಳೆಯುತ್ತಿದ್ದಾರೆಯೇ ಎಂದು ನೋಡುತ್ತೇವೆ. ಎಳೆಯುತ್ತಿದ್ದರೆ ರೈಲಿದೆ, ಇಲ್ಲದಿದ್ದರೆ ಖಾಲಿ. ತರ್ಕ ಇಲ್ಲಿ ತಿರುವುಮುರುವಾಯಿತು ಎಂಬುದನ್ನು ಗಮನಿಸಿ: ತಂತಿ ಕಿತ್ತರೆ ಮಾದರಿಯ ಸಿಗ್ನಲ್ ‘ಖಾಲಿ’ ಎಂದು ಹಸಿರು ತೋರಿಸುತ್ತದೆ. ಈ ದೌರ್ಬಲ್ಯವನ್ನು ಬೇರೆ ಕಡೆ ತುಂಬಿಕೊಳ್ಳಬೇಕಾಗುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಪ್ರವಾಹವನ್ನು ಪತ್ತೆಹಚ್ಚುವ ಹಳೆಯ ಮತ್ತು ನಂಬಿಗಸ್ತ ದಾರಿ ಡಯೋಡ್‌ಗಳದ್ದು. ಬ್ಲಾಕಿಗೆ ಹೋಗುವ ತಂತಿಯ ನಡುವೆ ಒಂದು ಬ್ರಿಡ್ಜ್ ರೆಕ್ಟಿಫೈಯರ್ (ನಾಲ್ಕು ಡಯೋಡ್‌ಗಳ ಜೋಡಣೆ) ಹಾಕಿ, ಅದರ ಪ್ಲಸ್ ಮತ್ತು ಮೈನಸ್ ಕಾಲುಗಳನ್ನು ಒಂದಕ್ಕೊಂದು ಬೆಸೆದರೆ, ವಿದ್ಯುತ್ ಯಾವ ದಿಕ್ಕಿನಲ್ಲಿ ಹರಿದರೂ ಎರಡು ಡಯೋಡ್‌ಗಳನ್ನು ದಾಟಬೇಕಾಗುತ್ತದೆ. ಎಂಜಿನ್ ಓಡುವಾಗ ಅಲ್ಲಿ ಸುಮಾರು 1.4 ವೋಲ್ಟ್ ನಿಲ್ಲುತ್ತದೆ. ಆ ವೋಲ್ಟೇಜನ್ನು ಒಂದು ಸಣ್ಣ ರೆಸಿಸ್ಟರ್ ಮೂಲಕ ಆಪ್ಟೋಕಪ್ಲರ್‌ಗೆ (ಬೆಳಕಿನ ಮೂಲಕ ಸೂಚನೆ ದಾಟಿಸುವ ಬಿಡಿಭಾಗ) ಕೊಟ್ಟರೆ, ಹಳಿಯ ವಿದ್ಯುತ್ತಿಗೂ ಆರ್ಡುಯಿನೊಗೂ (ಪ್ರೋಗ್ರಾಂ ಓಡಿಸುವ ಪುಟ್ಟ ನಿಯಂತ್ರಕ ಫಲಕ) ನೇರ ಸಂಬಂಧವಿಲ್ಲದಂತೆ ಸುದ್ದಿ ತಲುಪುತ್ತದೆ. ಡಿಸಿಸಿಯಲ್ಲಿ ಹಳಿಯ ಧ್ರುವ ಸೆಕೆಂಡಿಗೆ ಸಾವಿರಾರು ಸಲ ಬದಲಾಗುವುದರಿಂದ, ಮತ್ತು ಡಿಸಿಯಲ್ಲೂ ಹಿಂದೆ ಮುಂದೆ ಓಡಿಸುವಾಗ ಧ್ರುವ ಬದಲಾಗುವುದರಿಂದ, ಪಿಸಿ817ರಂಥ ಒಂದೇ ಎಲ್‌ಇಡಿಯ ಆಪ್ಟೋಕಪ್ಲರ್‌ಗಿಂತ ಒಳಗೆ ಎರಡು ಎದುರುಬದುರು ಎಲ್‌ಇಡಿ ಇರುವ ಪಿಸಿ814ರ ಬಗೆಯದು ಒಳ್ಳೆಯದು. ಡಯೋಡ್‌ಗಳ ಸಾಮರ್ಥ್ಯದಲ್ಲಿ ಜಿಪುಣತನ ಬೇಡ. ರೈಲು ಹಳಿ ತಪ್ಪಿ ಶಾರ್ಟ್ ಆದಾಗ ಬೂಸ್ಟರ್ (ಡಿಸಿಸಿಯಲ್ಲಿ ಹಳಿಗೆ ವಿದ್ಯುತ್ ಕೊಡುವ ಘಟಕ) ಕೊಡಬಲ್ಲ ಪೂರ್ತಿ ಪ್ರವಾಹ, ಅಂದರೆ 3ರಿಂದ 5 ಆಂಪಿಯರ್, ಇವುಗಳ ಮೂಲಕವೇ ಹರಿಯುತ್ತದೆ. 1 ಆಂಪಿಯರ್‌ನ 1ಎನ್4007 ಅದಕ್ಕೆ ಸಾಲದು. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಬಿಡಿಭಾಗದ ಅಂಗಡಿಯಲ್ಲಿ ದೊಡ್ಡ ಸಾಮರ್ಥ್ಯದ ಬ್ರಿಡ್ಜ್ ಸಿಗುತ್ತದೆ.

ಎಂಜಿನ್ ಮತ್ತು ಒಳಗೆ ದೀಪವಿರುವ ಬೋಗಿ ತಾವಾಗಿ ವಿದ್ಯುತ್ ಎಳೆಯುತ್ತವೆ. ಉಳಿದ ಬೋಗಿಗಳು ಎಳೆಯುವುದಿಲ್ಲ. ಎಂಜಿನ್ ಮುಂದಿನ ಬ್ಲಾಕಿಗೆ ದಾಟಿದೊಡನೆ ಹಿಂದೆ ಆರು ಬೋಗಿಗಳಿದ್ದರೂ ಬ್ಲಾಕ್ ಖಾಲಿಯೆಂದು ಕಾಣುತ್ತದೆ. ಇದಕ್ಕೆ ಪರಿಹಾರ ರೆಸಿಸ್ಟರ್ ಗಾಲಿ. ಲೋಹದ ಗಾಲಿಯ ಜೋಡಿಯನ್ನು ಹೊರತೆಗೆದು ನೋಡಿದರೆ ಒಂದು ಗಾಲಿ ಅಚ್ಚಿಗೆ ನೇರವಾಗಿ ಕೂತಿರುತ್ತದೆ, ಇನ್ನೊಂದರ ಮಧ್ಯದಲ್ಲಿ ಪ್ಲಾಸ್ಟಿಕ್ಕಿನ ತೆಳುವಾದ ಬಳೆ ಇರುತ್ತದೆ. ಆ ಬಳೆಯ ಮೇಲೆ 10 ಕಿಲೋಓಮ್‌ನ 0805 ಗಾತ್ರದ ಎಸ್‌ಎಂಡಿ ರೆಸಿಸ್ಟರನ್ನು ಒಂದು ಹನಿ ಸೂಪರ್‌ಗ್ಲೂನಿಂದ ಅಂಟಿಸಿ, ಅದರ ಒಂದು ತುದಿಯನ್ನು ಅಚ್ಚಿಗೂ ಇನ್ನೊಂದನ್ನು ಗಾಲಿಗೂ ವಿದ್ಯುತ್ ಹರಿಯಬಿಡುವ ಬೆಳ್ಳಿ ಬಣ್ಣದಿಂದ ಸೇರಿಸಬೇಕು. ಬೆಸುಗೆಯ ಶಾಖಕ್ಕೆ ಪ್ಲಾಸ್ಟಿಕ್ ಬಳೆ ಕರಗಿ ಗಾಲಿ ವಾಲುವ ಅಪಾಯವಿರುವುದರಿಂದ ಬಣ್ಣವೇ ಕ್ಷೇಮ. ಒಣಗಿದ ಮೇಲೆ ಮಲ್ಟಿಮೀಟರಿನ ಎರಡು ಮೊನೆಗಳನ್ನು ಎರಡು ಗಾಲಿಗಳ ಅಂಚಿಗೆ ಮುಟ್ಟಿಸಿ. 10 ಕಿಲೋಓಮ್‌ನ ಆಸುಪಾಸು ತೋರಿಸಿದರೆ ಗಾಲಿ ಸಿದ್ಧ. ಡಿಸಿಸಿಯ ಹಳಿಯಲ್ಲಿ 14 ವೋಲ್ಟ್ ಇದೆಯೆಂದುಕೊಂಡರೆ ಇಂಥ ಒಂದು ಗಾಲಿಜೋಡಿ 1.4 ಮಿಲಿಆಂಪಿಯರ್ ಎಳೆಯುತ್ತದೆ ಮತ್ತು ಕೇವಲ 20 ಮಿಲಿವ್ಯಾಟ್‌ನಷ್ಟು ಬಿಸಿಯಾಗುತ್ತದೆ. ಆ ಪುಟ್ಟ ರೆಸಿಸ್ಟರ್ ತಾಳಬಲ್ಲ 125 ಮಿಲಿವ್ಯಾಟ್‌ಗೆ ಇದು ಏನೂ ಅಲ್ಲ. ಕೊನೆಯ ಬೋಗಿಗಾದರೂ ಇದು ಇರಲೇಬೇಕು. ಪ್ರತಿ ಬೋಗಿಗೂ ಒಂದೊಂದು ಹಾಕುವುದು ಉತ್ತಮ, ಏಕೆಂದರೆ ಕೊಂಡಿ ಎಲ್ಲಿ ಕಳಚುತ್ತದೆಂದು ಮೊದಲೇ ಹೇಳಲಾಗದು.

ಈಗ ನಿಮ್ಮ ಡಿಸಿ ಕಂಟ್ರೋಲರ್‌ನ ವಿಷಯಕ್ಕೆ ಬರೋಣ. ಗುಂಡಿಯನ್ನು ಸೊನ್ನೆಗೆ ತಿರುಗಿಸಿ ರೈಲು ನಿಲ್ಲಿಸಿದಾಗ ಹಳಿಯಲ್ಲಿ ವೋಲ್ಟೇಜೇ ಇರುವುದಿಲ್ಲ. ಎಳೆಯಲು ವಿದ್ಯುತ್ ಇಲ್ಲದ ಮೇಲೆ ಪತ್ತೆಹಚ್ಚಲೂ ಏನೂ ಇಲ್ಲ, ನಿಂತ ರೈಲು ಸಿಗ್ನಲ್‌ನ ಪಾಲಿಗೆ ಮಾಯವಾಗುತ್ತದೆ. ಅಮೆರಿಕದ ಲಿನ್ ವೆಸ್ಟ್‌ಕಾಟ್ ಅವರು 1958ರಲ್ಲಿ ಎರಡು ಟ್ರಾನ್ಸಿಸ್ಟರ್‌ಗಳಿಂದ ರೂಪಿಸಿದ ‘ಟ್ವಿನ್-ಟಿ’ ಎಂಬ ಡಿಟೆಕ್ಟರ್ ಹವ್ಯಾಸಿಗಳಲ್ಲಿ ಅಷ್ಟು ಹೆಸರಾಗಲು ಕಾರಣ ಅದರ ಸೂಕ್ಷ್ಮತೆ: ಮೋಟರನ್ನು ಅಲುಗಿಸಲಾರದಷ್ಟು ಸಣ್ಣ ಪ್ರವಾಹವೂ ಅದಕ್ಕೆ ಸಾಕಾಗುತ್ತಿತ್ತು. ಅದೇ ಉಪಾಯವನ್ನು ನೀವೂ ಮಾಡಬಹುದು. ಕಂಟ್ರೋಲರ್‌ನ ಔಟ್‌ಪುಟ್‌ಗೆ ಸಮಾನಾಂತರವಾಗಿ, ಬೇರೆಯೇ ಆದ 12 ವೋಲ್ಟ್‌ನ ಪೂರೈಕೆಯೊಂದನ್ನು 1 ಕಿಲೋಓಮ್ ರೆಸಿಸ್ಟರ್ ಮೂಲಕ ಜೋಡಿಸಿದರೆ, ಹೆಚ್ಚೆಂದರೆ 12 ಮಿಲಿಆಂಪಿಯರ್ ಹರಿಯುತ್ತದೆ. ಎಂಜಿನ್ ಕದಲುವುದಿಲ್ಲ, ಡಿಟೆಕ್ಟರಿಗೆ ಮಾತ್ರ ಗೊತ್ತಾಗುತ್ತದೆ. ಆದರೆ ಕೆಲವು ಕಂಟ್ರೋಲರ್‌ಗಳು ಸೊನ್ನೆಯಲ್ಲಿದ್ದಾಗ ಈ ಸಣ್ಣ ಪ್ರವಾಹವನ್ನು ತಾವೇ ನುಂಗಿಬಿಡುತ್ತವೆ. ನಿಮ್ಮದು ಅಂಥದ್ದೇ ಎಂದು ಕಂಡುಬಂದರೆ ಅದರೊಡನೆ ಗುದ್ದಾಡುವುದಕ್ಕಿಂತ ಡಿಸಿಸಿಗೆ ಈಗಲೇ ಹೋಗುವುದು ಮೇಲು. 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ ಮಾನದಂಡವಾಗಿ ಒಪ್ಪಿಕೊಂಡ ಈ ಪದ್ಧತಿಯಲ್ಲಿ ರೈಲು ನಿಂತಿದ್ದರೂ ಹಳಿಯಲ್ಲಿ ಪೂರ್ಣ ವೋಲ್ಟೇಜ್ ಇರುವುದರಿಂದ ಬ್ಲಾಕ್ ಪತ್ತೆಯ ಅರ್ಧ ಕಷ್ಟ ತಾನಾಗಿ ಕರಗುತ್ತದೆ. ಡಿಸಿಯಲ್ಲೇ ಉಳಿಯುವುದಾದರೆ ಡಿಟೆಕ್ಟರ್ ಇಲ್ಲದ ಭಾಗಗಳಿಗೂ ಅಷ್ಟೇ ಡಯೋಡ್‌ಗಳನ್ನು ಹಾಕಿ; ಇಲ್ಲದಿದ್ದರೆ ಬ್ಲಾಕ್‌ನಿಂದ ಬ್ಲಾಕ್‌ಗೆ ದಾಟುವಾಗ ರೈಲಿನ ವೇಗ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ. ಡಿಸಿಸಿಗೆ ಹೋದವರು ಡಯೋಡ್ ಬದಲು ಕರೆಂಟ್ ಟ್ರಾನ್ಸ್‌ಫಾರ್ಮರ್ ಬಳಸಬಹುದು. ಬ್ಲಾಕಿನ ತಂತಿಯನ್ನು ಅದರ ತೂತಿನಲ್ಲಿ ಕೆಲವು ಸುತ್ತು ಹಾಯಿಸಿದರೆ ಸಾಕು, ವೋಲ್ಟೇಜ್ ನಷ್ಟವೂ ಇಲ್ಲ. ಸುತ್ತು ಹೆಚ್ಚಿದಷ್ಟೂ ಸೂಕ್ಷ್ಮತೆ ಹೆಚ್ಚು.

ಸೂಕ್ಷ್ಮತೆ ಅತಿಯಾದರೂ ಕಷ್ಟವೇ. ಜಲ್ಲಿಯನ್ನು ನೀರು ಬೆರೆಸಿದ ಫೆವಿಕಾಲ್‌ನಿಂದ ಅಂಟಿಸಿದ ಮೇಲೆ ಅದು ಪೂರ್ತಿ ಒಣಗುವವರೆಗೆ ಎರಡು ಹಳಿಗಳ ನಡುವೆ ವಿದ್ಯುತ್ ಸೋರುತ್ತದೆ, ರೈಲಿಲ್ಲದ ಬ್ಲಾಕ್ ಕೆಂಪು ತೋರಿಸುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇರುವವರಿಗೆ ಮಳೆಗಾಲದ ತೇವದಲ್ಲಿ ಒಣಗಿದ ಜಲ್ಲಿಯೂ ಇದೇ ತೊಂದರೆ ಕೊಡಬಹುದು. ಒಂದು ರೆಸಿಸ್ಟರ್ ಗಾಲಿಯನ್ನು ಪತ್ತೆಹಚ್ಚುವಷ್ಟಕ್ಕೆ ಮಾತ್ರ ಸೂಕ್ಷ್ಮತೆಯನ್ನು ಹೊಂದಿಸಿ, ಅದಕ್ಕಿಂತ ಕೆಳಗಿನದನ್ನು ಕಡೆಗಣಿಸಿ. ಡಿಸಿಸಿಯಲ್ಲಿ ಬ್ಲಾಕಿನ ಎರಡು ತಂತಿಗಳು ಉದ್ದಕ್ಕೂ ಅಂಟಿಕೊಂಡು ಸಾಗಿದರೆ ಅವುಗಳ ನಡುವಿನ ಕೆಪಾಸಿಟನ್ಸ್‌ನಿಂದಲೂ ಸುಳ್ಳು ಸೂಚನೆ ಬರುತ್ತದೆ, ಆದ್ದರಿಂದ ಡಿಟೆಕ್ಟರನ್ನು ಆಯಾ ಬ್ಲಾಕಿನ ಹತ್ತಿರವೇ ಹಲಗೆಯ ಕೆಳಗೆ ಕೂಡಿಸಬೇಕು. ಬ್ಲಾಕ್‌ಗಳ ನಡುವೆ ಹಳಿಯಲ್ಲಿ ಬಿಡುವ ಕತ್ತರಿಪನ್ನು ಪ್ಲಾಸ್ಟಿಕ್ ಜೋಡಣೆಯಿಂದಲೋ ಸ್ಟೈರೀನ್ ಚೂರಿನಿಂದಲೋ ತುಂಬಿ. ಖಾಲಿ ಬಿಟ್ಟರೆ ಏಪ್ರಿಲ್ ಬಿಸಿಲಿಗೆ ಹಳಿ ಹಿಗ್ಗಿ ಎರಡು ಬ್ಲಾಕ್‌ಗಳು ಒಂದಾಗುತ್ತವೆ.

ಬೆಳಕಿನ ಸೆನ್ಸರ್‌ಗಳಲ್ಲಿ ಎಲ್‌ಡಿಆರ್ ನಿಮ್ಮ ಕೋಣೆಯ ಬೆಳಕನ್ನೇ ನಂಬಿಕೊಂಡಿರುವುದರಿಂದ ಸಂಜೆ ಕೈಕೊಡುವುದು ಸಹಜ. ಹಳಿಯ ಪಕ್ಕದಲ್ಲಿ ರೈಲು ಮುಚ್ಚದ ಜಾಗದಲ್ಲಿ ಎರಡನೆಯ ಎಲ್‌ಡಿಆರ್ ಇಟ್ಟು ಎರಡನ್ನೂ ಹೋಲಿಸಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ, ಆದರೂ ಕತ್ತಲಲ್ಲಿ ರೈಲು ಓಡಿಸುವ ಸೊಗಸನ್ನು ಬಿಡಬೇಕಾಗುತ್ತದೆ. ನೀವು ಬಳಸಿದ ಇನ್‌ಫ್ರಾರೆಡ್ ಸೆನ್ಸರ್ ಬಹುಶಃ ಟಿಸಿಆರ್‌ಟಿ5000 ಇರಬೇಕು. ಅದು ಮೇಲಕ್ಕೆ ಬೆಳಕು ಬಿಟ್ಟು ಮರಳಿ ಬಂದದ್ದನ್ನು ನೋಡುತ್ತದೆ, 2.5 ಮಿ.ಮೀ. ದೂರದಲ್ಲಿ ಅದರ ನೋಟ ಅತಿ ಚುರುಕು, 15 ಮಿ.ಮೀ. ಆಚೆಗೆ ಅದು ಕುರುಡು. ಬೋಗಿಯ ತಳ ಮಾಸಲು ಕಪ್ಪಾಗಿದ್ದರೆ ಬೆಳಕು ಮರಳುವುದಿಲ್ಲ, ಎರಡು ಬೋಗಿಗಳ ನಡುವಿನ ತೆರಪಿನಲ್ಲಂತೂ ಮರಳಲು ಏನೂ ಇಲ್ಲ. ನಿಮ್ಮ ಗೇಟು ಎದ್ದು ಬೀಳುವುದು ಈ ತೆರಪುಗಳನ್ನು ಎಣಿಸುತ್ತಿರುವುದರಿಂದ.

ಓರೆ ಕಿರಣ ಇದನ್ನು ಬುಡದಲ್ಲೇ ನಿವಾರಿಸುತ್ತದೆ. ಐಸಿಎಫ್ (ಚೆನ್ನೈನ ಬೋಗಿ ಕಾರ್ಖಾನೆ) ಮಾದರಿಯ ಬೋಗಿಯ ಮೈ 21.3 ಮೀಟರ್ ಉದ್ದ, ಸುಮಾರು 3.25 ಮೀಟರ್ ಅಗಲ. 87ರಿಂದ ಭಾಗಿಸಿದರೆ ಮಾದರಿಯಲ್ಲಿ 245 ಮಿ.ಮೀ. ಉದ್ದ, 37 ಮಿ.ಮೀ. ಅಗಲ. ಬೋಗಿಗಳ ನಡುವಿನ ತೆರಪು ಹೆಚ್ಚೆಂದರೆ 15 ಮಿ.ಮೀ. ಇರಬಹುದು. ಕಿರಣವನ್ನು ಹಳಿಗೆ 45 ಡಿಗ್ರಿ ಓರೆಯಾಗಿ ಹಾಯಿಸಿದರೆ ಬೋಗಿಯ ಅಗಲವನ್ನು ದಾಟುವಷ್ಟರಲ್ಲಿ ಅದು ಹಳಿಯುದ್ದಕ್ಕೂ 37 ಮಿ.ಮೀ. ಸಾಗುತ್ತದೆ, ಆದ್ದರಿಂದ 15 ಮಿ.ಮೀ. ತೆರಪಿನಲ್ಲಿ ಅದು ಎಂದೂ ನುಸುಳಲಾರದು. ಮುಂದಿನ ಬೋಗಿ ಬಿಟ್ಟುಕೊಡುವ ಮೊದಲೇ ಹಿಂದಿನದು ಅಡ್ಡ ಬಂದಿರುತ್ತದೆ. ಪ್ರಯಾಣಿಕರ ಬೋಗಿಗಳಿಗಷ್ಟೇ ಆದರೆ ಹಳಿಯ ಮೇಲಿನಿಂದ 25 ಮಿ.ಮೀ. ಎತ್ತರ ಸರಿ. ಖಾಲಿ ಚಪ್ಪಟೆ ವ್ಯಾಗನ್‌ಗಳನ್ನೂ ಓಡಿಸುವುದಾದರೆ ಕಿರಣವನ್ನು ಅವುಗಳ ಚೌಕಟ್ಟಿನ ಎತ್ತರಕ್ಕೆ, ಸುಮಾರು 13 ಮಿ.ಮೀ.ಗೆ ಇಳಿಸಬೇಕು. ಎಲ್‌ಇಡಿಯನ್ನು ಗೇಟ್‌ಮನ್ ಕೊಠಡಿಯ ಕಿಟಕಿಯಲ್ಲೂ, ಗ್ರಾಹಕವನ್ನು ಎದುರಿನ ಪೊದೆಯಲ್ಲೂ ಮರೆಮಾಡಬಹುದು. ಕಿಟಕಿಯ ಬಿಸಿಲು ಬೀಳುವ ಕೋಣೆಯಾದರೆ 38 ಕಿಲೋಹರ್ಟ್ಸ್‌ನಲ್ಲಿ ಮಿಡಿಯುವ ಬೆಳಕು ಮತ್ತು ಟಿವಿ ರಿಮೋಟಿನಲ್ಲಿರುವಂಥ ಟಿಎಸ್‌ಒಪಿ ಗ್ರಾಹಕ ಬಳಸಿ. ಆದರೆ ರಿಮೋಟಿಗಾಗಿ ಮಾಡಿದ ಟಿಎಸ್‌ಒಪಿ1738 ಎಡೆಬಿಡದೆ ಬರುವ ಮಿಡಿತವನ್ನು ಗದ್ದಲವೆಂದು ತಳ್ಳಿಹಾಕುತ್ತದೆ. ಚಿಕ್ಕ ಚಿಕ್ಕ ಗೊಂಚಲಾಗಿ ಮಿಡಿಸಿ ನಡುವೆ ಬಿಡುವು ಕೊಡಬೇಕು. ಈ ಕಿರಣಕ್ಕೆ ಇನ್ನೊಂದು ದೊಡ್ಡ ಗುಣವಿದೆ. ಬೆಳಕು ತಲುಪುತ್ತಿದ್ದರೆ ಮಾತ್ರ ಖಾಲಿ ಎಂದರ್ಥ. ಎಲ್‌ಇಡಿ ಸುಟ್ಟರೂ, ತಂತಿ ಕಿತ್ತರೂ ‘ರೈಲಿದೆ’ ಎಂದೇ ಕಾಣುತ್ತದೆ. ರಾಬಿನ್‌ಸನ್ನರ ತತ್ತ್ವ ಮಾದರಿಯಲ್ಲಿ ಸುಲಭವಾಗಿ ಸಿಗುವುದು ಇಲ್ಲಿಯೇ, ಗೇಟಿಗೆ ಇದನ್ನೇ ಆರಿಸಲು ಮುಖ್ಯ ಕಾರಣವೂ ಅದೇ.

ರೀಡ್ ಸ್ವಿಚ್ ಮತ್ತು ಹಾಲ್ ಸೆನ್ಸರ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವು ಎಂಜಿನ್ನಿನ ತಳಕ್ಕೆ ಅಂಟಿಸಿದ ಆಯಸ್ಕಾಂತವನ್ನು ಮಾತ್ರ ಕಾಣುತ್ತವೆ. ರೈಲನ್ನು ನಿಲ್ದಾಣದಲ್ಲಿ ಗೊತ್ತಾದ ಜಾಗಕ್ಕೆ ನಿಲ್ಲಿಸಲು ಚೆನ್ನ, ಬ್ಲಾಕ್ ಕಾಯಲು ಸಾಲವು. ಎ3144 ಹಾಲ್ ಸೆನ್ಸರಿನ ಅಕ್ಷರ ಮುದ್ರಿಸಿದ ಮುಖಕ್ಕೆ ಆಯಸ್ಕಾಂತದ ದಕ್ಷಿಣ ಧ್ರುವ ಬಂದರೆ ಮಾತ್ರ ಅದು ಕೆಲಸ ಮಾಡುತ್ತದೆ ಎಂಬುದು ನೆನಪಿರಲಿ. ಹಳಿ ಬಡಿಯಲು ಕಬ್ಬಿಣದ ಮೊಳೆ ಬಳಸಿದ್ದರೆ ಸಡಿಲವಾದದ್ದನ್ನು ನಿಯೋಡಿಮಿಯಂ ಆಯಸ್ಕಾಂತ ಎಳೆದುಕೊಂಡು ಹೋಗುತ್ತದೆ.

ಇನ್ನು ಗೇಟು. ಅಂಗಡಿಯಲ್ಲಿ ಸಿಗುವ ಸಿದ್ಧ ಕ್ರಾಸಿಂಗ್ ಸರ್ಕ್ಯೂಟ್‌ಗಳು ಬಹುಮಟ್ಟಿಗೆ ಅಮೆರಿಕದ ಪದ್ಧತಿಯವು. ಅಲ್ಲಿ ಬರುವ ರೈಲೇ ಗಂಟೆ ಬಾರಿಸಿ ಗೇಟು ಇಳಿಸುತ್ತದೆ, ನಿಯಮದ ಪ್ರಕಾರ ರೈಲು ತಲುಪುವುದಕ್ಕೆ ಕನಿಷ್ಠ 20 ಸೆಕೆಂಡು ಮೊದಲು ಎಚ್ಚರಿಕೆ ಶುರುವಾಗಬೇಕು. ನಮ್ಮ ಇಂಟರ್‌ಲಾಕ್ ಆದ ಗೇಟುಗಳಲ್ಲಿ ಕ್ರಮವೇ ಬೇರೆ. ಗೇಟು ಮುಚ್ಚಿ ಬೀಗ ಬೀಳದೆ ಗೇಟ್ ಸಿಗ್ನಲ್ ಹಸಿರಾಗಲಾರದು, ಸಿಗ್ನಲ್ ಹಸಿರಿರುವಾಗ ಗೇಟು ತೆರೆಯಲಾರದು. ಹಳದಿ ಬಿಲ್ಲೆಯ ಮೇಲೆ ಕಪ್ಪು ‘ಜಿ’ ಅಕ್ಷರ ಹೊತ್ತ ಆ ಸಿಗ್ನಲನ್ನು ನಿಮ್ಮ ಮಾರ್ಗದಲ್ಲೂ ನಿಲ್ಲಿಸಿ, ಇದೇ ಕ್ರಮವನ್ನು ಅನುಸರಿಸಿ: ರೈಲು ಬ್ಲಾಕಿಗೆ ಬರುತ್ತದೆ, ಸಿಗ್ನಲ್ ಕೆಂಪಾಗಿಯೇ ಇರುತ್ತದೆ, ಗೇಟು ಇಳಿಯುತ್ತದೆ, ಅದು ಕೊನೆಮುಟ್ಟಿದ್ದನ್ನು ಒಂದು ಮೈಕ್ರೋ ಸ್ವಿಚ್ ಖಾತ್ರಿಪಡಿಸುತ್ತದೆ, ಆಮೇಲೆ ಸಿಗ್ನಲ್ ಹಸಿರಾಗುತ್ತದೆ. ಗೇಟನ್ನು ಎತ್ತಿಳಿಸುವ ಸಣ್ಣ ಮೋಟರಾದ ಸರ್ವೋಗೆ ಆಜ್ಞೆ ಕೊಟ್ಟೆವು ಎಂದ ಮಾತ್ರಕ್ಕೆ ಗೇಟು ಇಳಿಯಿತೆಂದು ನಂಬಬಾರದು.

ದೂರದ ಲೆಕ್ಕ ಸರಳ. ಗಂಟೆಗೆ 60 ಕಿ.ಮೀ. ವೇಗ ಎಚ್‌ಓ ಅಳತೆಯಲ್ಲಿ ಸೆಕೆಂಡಿಗೆ ಸುಮಾರು 19 ಸೆಂ.ಮೀ. ಗೇಟು ಇಳಿಯಲು 4 ಸೆಕೆಂಡು, ಸಿಗ್ನಲ್ ಬದಲಾದದ್ದು ಚಾಲಕನಿಗೆ ಕಾಣಲು 2 ಸೆಕೆಂಡು ಹಿಡಿದರೆ ಸಿಗ್ನಲ್‌ಗೆ 115 ಸೆಂ.ಮೀ. ಮೊದಲೇ ರೈಲು ಪತ್ತೆಯಾಗಬೇಕು. ಸಿಗ್ನಲ್ ಗೇಟಿನಿಂದ 20 ಸೆಂ.ಮೀ. ಹಿಂದಿದ್ದರೆ ಒಟ್ಟು 135. ಅಮೆರಿಕದ 20 ಸೆಕೆಂಡು ಪಾಲಿಸಲು 3.8 ಮೀಟರ್ ಬೇಕಾಗುತ್ತಿತ್ತು. 45 ಸೆಂ.ಮೀ. ತ್ರಿಜ್ಯದ ತಿರುವುಗಳಿದ್ದರೆ ನಿಮ್ಮ ಮಾರ್ಗದ ಒಟ್ಟು ಸುತ್ತಳತೆ ಸುಮಾರು 5.4 ಮೀಟರ್ ಇರಬಹುದು. ಅದನ್ನು 135 ಸೆಂ.ಮೀ.ನ ನಾಲ್ಕು ಬ್ಲಾಕ್‌ಗಳಾಗಿ ಹಂಚಿ, ಒಂದು ಬ್ಲಾಕಿನ ಕೊನೆಯ ಕತ್ತರಿಪು ಗೇಟನ್ನು ದಾಟಿದ ಕೂಡಲೇ ಬರುವಂತೆ ಇಡಿ. ಆಗ ಒಂದೇ ದಿಕ್ಕಿನ ಓಟಕ್ಕೆ ನೆನಪಿಟ್ಟುಕೊಳ್ಳುವ ತರ್ಕವೇ ಬೇಡ: ಆ ಬ್ಲಾಕ್ ತುಂಬಿದ್ದರೆ ಅಥವಾ ಕಿರಣ ಮುರಿದಿದ್ದರೆ ಗೇಟು ಮುಚ್ಚಿರುತ್ತದೆ, ಎರಡೂ ಖಾಲಿಯಾದರೆ ತೆರೆಯುತ್ತದೆ. ಎದುರು ದಿಕ್ಕಿನಲ್ಲೂ ಓಡಿಸುವುದಾದರೆ ಗೇಟಿನ ಆಚೆಯ ಬ್ಲಾಕನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಎರಡರಲ್ಲಿ ಮೊದಲು ತುಂಬಿದ್ದು ಯಾವುದೆಂದು ನೆನಪಿಡಬೇಕು. ರೈಲು ಗೇಟು ದಾಟಿ ಹೋದ ಮೇಲೆ ಅದು ಸೇರಿದ ಬ್ಲಾಕ್ ಒಮ್ಮೆ ಖಾಲಿಯಾಗುವವರೆಗೆ ಆ ಬ್ಲಾಕಿನ ಸೂಚನೆಗೆ ಗೇಟು ಮತ್ತೆ ಇಳಿಯಬಾರದು.

ರೈಲಿನ ಉದ್ದವನ್ನೂ ಇಲ್ಲಿಯೇ ತೀರ್ಮಾನಿಸಿ. ಒಂದು ಎಂಜಿನ್ ಮತ್ತು ಆರು ಬೋಗಿ ಸುಮಾರು 175 ಸೆಂ.ಮೀ. ಆಗುತ್ತದೆ, ಅದು ಯಾವಾಗಲೂ ಎರಡು ಮೂರು ಬ್ಲಾಕ್‌ಗಳನ್ನು ಹಿಡಿದಿರುತ್ತದೆ ಮತ್ತು ಇಷ್ಟು ಚಿಕ್ಕ ಸುತ್ತಿನಲ್ಲಿ ಎಂಜಿನ್‌ಗೆ ಎದುರಾಗುವ ಸಿಗ್ನಲ್ ತನ್ನದೇ ರೈಲಿನ ಬಾಲವನ್ನು ಕಂಡು ಹಳದಿಯಾಗುತ್ತದೆ. ಮೂರು ಬೋಗಿಗಳ ರೈಲು ಒಂದು ಮೀಟರಿನೊಳಗೆ ಮುಗಿಯುತ್ತದೆ. ಮುಂದಿನ ಬ್ಲಾಕ್ ತುಂಬಿದ್ದರೆ ಕೆಂಪು, ಒಂದು ಖಾಲಿಯಿದ್ದರೆ ಹಳದಿ, ಎರಡು ಖಾಲಿಯಿದ್ದರೆ ಜೋಡಿ ಹಳದಿ, ಮೂರು ಖಾಲಿಯಿದ್ದರೆ ಹಸಿರು ಎಂಬ ನಮ್ಮ ರೈಲ್ವೆಯ ಕ್ರಮ ಆಗ ನಿಮ್ಮ ನಾಲ್ಕು ಬ್ಲಾಕ್‌ಗಳಲ್ಲಿ ಪೂರ್ತಿಯಾಗಿ ಕಾಣಿಸುತ್ತದೆ.

ಪ್ರೋಗ್ರಾಂ ಬರೆಯುವಾಗ ಎರಡು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಿ. ‘ತುಂಬಿದೆ’ ಎಂಬ ಸೂಚನೆಯನ್ನು ತಕ್ಷಣ ಒಪ್ಪಿ, ‘ಖಾಲಿ’ ಎಂಬುದನ್ನು ಎರಡು ಸೆಕೆಂಡು ಎಡೆಬಿಡದೆ ಬಂದ ಮೇಲೆ ಮಾತ್ರ ಒಪ್ಪಿ. ಕೊಳೆ ಹಿಡಿದ ಗಾಲಿ ಕ್ಷಣಕಾಲ ಸಂಪರ್ಕ ಕಳೆದುಕೊಂಡಾಗ ಸಿಗ್ನಲ್ ಮಿಣುಕುವುದು ಇದರಿಂದ ನಿಲ್ಲುತ್ತದೆ. ಹಳಿಯನ್ನು ಆಗಾಗ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸುವ ಕೆಲಸ ಮಾತ್ರ ತಪ್ಪದು. ಎರಡನೆಯದು ನಾನು ಮೊದಲು ಹೇಳಿದ ತಿರುವುಮುರುವಿನ ದೌರ್ಬಲ್ಯ. ಹಳಿಯ ಮುಖ್ಯ ಪೂರೈಕೆಗೆ, ಡಿಸಿಯಾದರೆ ಆ 12 ವೋಲ್ಟ್‌ನ ಸಣ್ಣ ಪೂರೈಕೆಗೆ, ಒಂದು ಆಪ್ಟೋಕಪ್ಲರ್ ಜೋಡಿಸಿ ವಿದ್ಯುತ್ ಇದೆಯೇ ಎಂದು ಸದಾ ನೋಡುತ್ತಿರಿ. ಶಾರ್ಟ್ ಆಗಿ ವಿದ್ಯುತ್ ಹೋದಾಗ ಎಲ್ಲ ಬ್ಲಾಕ್‌ಗಳೂ ಒಟ್ಟಿಗೆ ಖಾಲಿ ಎನ್ನುತ್ತವೆ. ಆಗ ಪ್ರೋಗ್ರಾಂ ಅದನ್ನು ನಂಬದೆ ಕೊನೆಯ ಸ್ಥಿತಿಯನ್ನೇ ಹಿಡಿದು ಎಲ್ಲ ಸಿಗ್ನಲ್‌ಗಳನ್ನು ಕೆಂಪು ಮಾಡಬೇಕು. ಸರ್ವೋಗೆ ಆರ್ಡುಯಿನೊದ 5 ವೋಲ್ಟ್ ಕೊಡದೆ ಬೇರೆ ಪೂರೈಕೆ ಕೊಡಿ, ನೆಲದ ತಂತಿ ಮಾತ್ರ ಒಂದಾಗಿರಲಿ.

ಕೆಲಸವನ್ನು ಗೇಟಿನ ಬ್ಲಾಕಿನಿಂದ ಆರಂಭಿಸಿ. ಒಂದು ಡಿಟೆಕ್ಟರ್, ಒಂದು ಓರೆ ಕಿರಣ, ಒಂದು ಸಿಗ್ನಲ್ ಇಷ್ಟನ್ನೇ ಮೊದಲು ಕಟ್ಟಿ. ರೆಸಿಸ್ಟರ್ ಗಾಲಿ ಹಾಕಿದ ಒಂಟಿ ಬೋಗಿಯನ್ನು ಬ್ಲಾಕಿನ ಎರಡೂ ತುದಿಗಳಲ್ಲಿ ಮತ್ತು ನಡುವೆ ನಿಲ್ಲಿಸಿ ನೋಡಿ, ಆಮೇಲೆ ಕಿರಣದ ಎಲ್‌ಇಡಿಯ ತಂತಿಯನ್ನು ಬೇಕೆಂದೇ ಕಿತ್ತು ಗೇಟು ಮುಚ್ಚಿಕೊಳ್ಳುತ್ತದೆಯೇ ಎಂದು ಪರೀಕ್ಷಿಸಿ. ಇವೆರಡರಲ್ಲೂ ಅದು ಗೆದ್ದ ಮೇಲೆ ಉಳಿದ ಮೂರು ಬ್ಲಾಕ್‌ಗಳಿಗೆ ಹಳಿ ಕತ್ತರಿಸಿ.